ಜಗದಾಂಬಾಳ ಮಾತ್ರೆ, ಜಂಬಣ್ಣನ ರಸಮಟ್ಟ

ಭದ್ರಾವತಿಯ ಕಾರ್ಖಾನೆಯಲ್ಲಿ ಜಂಬಣ್ಣ ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ. ಎರಕ ಹೊಯ್ದ ಕಬ್ಬಿಣವನ್ನು ಸುತ್ತಿಗೆಯಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, ‘ಪಾಸ್’ ಅಥವಾ ‘ಫೇಲ್’ ಅನ್ನುವುದು. ದಿನಕ್ಕೆ ಅವನು ಆಡುತ್ತಿದ್ದ ಮಾತು ಹೆಚ್ಚುಕಮ್ಮಿ ಇವೆರಡೇ. ರಿಟೈರ್ ಆದ ಮೇಲೆ ಅವೂ ನಿಂತವು. (ಮನೆಯಲ್ಲಿ ಪಾಸು ಫೇಲು ಮಾಡುವ ಅಧಿಕಾರ ಮೊದಲಿನಿಂದಲೂ ಹೆಂಡತಿ ಜಗದಾಂಬಾಳದು.)

ಅಂಥ ಜಗದಾಂಬಾ ಒಂದು ದಿನ ಬಚ್ಚಲಲ್ಲಿ ಜಾರಿ ಕೈ ಊರಿದ್ದಷ್ಟೇ, ಮಣಿಕಟ್ಟು ಲಟಕ್ಕೆಂದಿತು. ಹಜಾರದಲ್ಲಿದ್ದ ಜಂಬಣ್ಣನಿಗೂ ಆ ಸದ್ದು ಕೇಳಿಸಿತು. ಮೂವತ್ತೊಂಬತ್ತು ವರ್ಷ ಜೊತೆಗಿದ್ದೂ ಈ ದೋಷ ತನ್ನ ಕಿವಿಗೆ ಸಿಗಲಿಲ್ಲವಲ್ಲ ಎಂದು ಅವನಿಗೆ ಭಾರಿ ಅವಮಾನವಾಯಿತು.

ಕೈಯ ಕಟ್ಟು ಬಿಚ್ಚಿದ ಮೇಲೆ ಶಿವಮೊಗ್ಗದ ಡಾಕ್ಟರು ತನುಜಾ, ಜಗದಾಂಬಾಳನ್ನು ಯಂತ್ರದ ಕೆಳಗೆ ಮಲಗಿಸಿ ಮೂಳೆ ಅಳೆದರು.

“ಅಮ್ಮಾ, ಮೂಳೆ ಸವೆದಿದೆ. ಹೊರಗೆ ಕಾಣಲ್ಲ, ಒಳಗೆಲ್ಲ ಸಣ್ಣ ಸಣ್ಣ ತೂತು.”

“ಬ್ಲೋಹೋಲು,” ಅಂದ ಜಂಬಣ್ಣ.

“ಏನಂದ್ರಿ?”

“ಎರಕದಲ್ಲಿ ಗಾಳಿ ಸೇರ್ಕೊಂಡ್ರೆ ಹಿಂಗೇ ಆಗೋದು ಡಾಕ್ಟ್ರೇ. ಫೇಲ್.”

“ರೀ, ನಾನಿನ್ನೂ ಇಲ್ಲೇ ಕೂತಿದೀನಿ!” ಅಂದಳು ಜಗದಾಂಬಾ.

ಡಾಕ್ಟರು ಮಾತ್ರೆ, ಮೂಗಿನ ಸ್ಪ್ರೇ ಎಲ್ಲ ವಿವರಿಸಿದ ಮೇಲೆ ಅವಳು ಅವರ ಕಡೆ ತಿರುಗಿದಳು. ಗಾಂಧಿಬಜಾರಿನಲ್ಲಿ ಸೀರೆ ಆರಿಸುವಾಗ ಅಂಗಡಿಯವನಿಂದ ಹತ್ತು ಸೀರೆ ಬಿಚ್ಚಿಸುವ ಹೆಂಗಸು, ಔಷಧಿಯನ್ನು ಸುಮ್ಮನೆ ಒಪ್ಪುತ್ತಾಳೆಯೇ?

“ವಾರಕ್ಕೊಂದು ಮಾತ್ರೆ ಅಂದ್ರಿ. ಅದೇನೇನು ಕೆಡಿಸುತ್ತೆ ಹೇಳಿ.”

“ಗಂಟಲು, ಹೊಟ್ಟೆ ಉರಿ ಬರಬಹುದು. ಖಾಲಿ ಹೊಟ್ಟೇಲಿ ಒಂದು ದೊಡ್ಡ ಲೋಟ ನೀರಲ್ಲಿ ನುಂಗಿ, ಅರ್ಧ ಗಂಟೆ ನೆಟ್ಟಗಿರಬೇಕು. ಮಲಗಬಾರದು, ಕಾಫಿ ಕುಡಿಯಬಾರದು. ಇನ್ನು ಬಹಳ ಅಪರೂಪಕ್ಕೆ, ಹಲ್ಲು ಕೀಳಿಸಿದ ಜಾಗದಲ್ಲಿ ದವಡೆ ಮೂಳೆ ಮಾಯದೆ ತೊಂದ್ರೆ ಕೊಡುತ್ತೆ.”

“ಎಷ್ಟು ಜನಕ್ಕೆ ಒಬ್ರಿಗೆ?”

“ಸಾವಿರಾರು ಜನಕ್ಕೆ ಒಬ್ರಿಗೆ.”

“ಏನೂ ತಗೊಳ್ದೆ ಇದ್ರೆ ಸೊಂಟ ಮುರಿಯೋದು?”

“ಅದು ಅಷ್ಟು ಅಪರೂಪ ಅಲ್ಲಮ್ಮಾ.”

“ಮೂಗಿಗೆ ಹೊಡ್ಕೊಳ್ಳೋ ಸ್ಪ್ರೇ ಅಂದ್ರಲ್ಲ?”

“ಅದಕ್ಕೆ ಮಾತ್ರೆಯಷ್ಟು ಬಲ ಇಲ್ಲ.”

“ಬರೀ ರಾಗಿ, ಹಾಲು, ಬಿಸಿಲು, ನಡಿಗೆ?”

“ಅವು ಹೇಗೂ ಬೇಕೇ ಬೇಕು. ಆದ್ರೆ ನಿಮ್ಮ ಮೂಳೆಗೆ ಅಷ್ಟೇ ಸಾಲದು.”

ಜಂಬಣ್ಣ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಕಾರ್ಖಾನೆಯ ದೊಡ್ಡ ಎಂಜಿನಿಯರುಗಳೂ ಮಾಲು ಒಪ್ಪುವ ಮುಂಚೆ ಇಷ್ಟು ಕೇಳುತ್ತಿರಲಿಲ್ಲ. ನಾಲ್ಕನೇ ಕ್ಲಾಸು ಓದಿದ ಈ ಮಹಾತಾಯಿ ಅಲ್ಲಿದ್ದಿದ್ದರೆ ಒಂದು ತೂತಿನ ಎರಕವೂ ಗೇಟು ದಾಟುತ್ತಿರಲಿಲ್ಲ!

“ಒಂದು ವಾರ ಟೈಮ್ ಕೊಡಿ, ಯೋಚ್ನೆ ಮಾಡ್ತೀನಿ,” ಎಂದು ಜಗದಾಂಬಾ ಎದ್ದಳು.

ಆ ವಾರ ನಿದ್ದೆಗೆಟ್ಟವನು ಜಂಬಣ್ಣ. ಅವನ ಅಕ್ಕ ಮಹಾಂತಮ್ಮ ಸೊಂಟ ಮುರಿದುಕೊಂಡು ಮಂಚ ಹಿಡಿದವಳು ಮತ್ತೆ ಏಳಲೇ ಇಲ್ಲ. ಅದು ನೆನಪಾದರೆ ಮಾತ್ರೆ ಬೇಕು ಅನಿಸುತ್ತಿತ್ತು. ಜಗದಾಂಬಾಳ ದವಡೆ ನೆನಪಾದರೆ ಬೇಡ ಅನಿಸುತ್ತಿತ್ತು. ಆ ದವಡೆ ನಿಂತರೆ ಮನೆಯಲ್ಲಿ ಮಾತಾಡುವವರು ಯಾರು?

ದಿನಾ ಬೆಳಿಗ್ಗೆ ಅವನ ಜೊತೆ ವಾಕಿಂಗ್ ಬರುವ ಪಕ್ಕದ ಬೀದಿಯ ನಾಗಯ್ಯ ದಾರಿ ತೋರಿಸಿದ. “ಮಂಗರವಳ್ಳಿ ಚಟ್ನಿ ತಿನ್ಸು ಮಾರಾಯ! ಮುರಿದ ಮೂಳೆ ಕೂಡಿಸೋ ಬಳ್ಳಿ ಅದು.” ಬಳ್ಳಿಯನ್ನೂ ಕೊಟ್ಟ. ತುಪ್ಪದಲ್ಲಿ ಹುರಿದು ಹುಣಿಸೆಹಣ್ಣು ಹಾಕದಿದ್ದರೆ ಗಂಟಲು ತುರಿಸುತ್ತದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಜಂಬಣ್ಣ ಹಸಿಯಾಗಿಯೇ ರುಬ್ಬಿದ. ಪರೀಕ್ಷೆ ಮಾಡದೆ ಮಾಲು ಹೊರಗೆ ಬಿಟ್ಟವನಲ್ಲ. ಮೊದಲು ತಾನೇ ಒಂದು ಹಿಡಿ ತಿಂದ. ಗಂಟಲೊಳಗೆ ಕೆಂಜಿಗದ ಗೂಡು ಒಡೆದಂತಾಯಿತು. ಎರಡು ದಿನ ದನಿಯೇ ಹೊರಡಲಿಲ್ಲ.

(ಅದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.)

ಮೂರನೇ ದಿನ ಒರಳಿನಲ್ಲಿ ಉಳಿದಿದ್ದ ಹಸಿರು ನೋಡಿ ಜಗದಾಂಬಾ ನಕ್ಕಳು. “ನಂಗೋಸ್ಕರ ಇದನ್ನ ತಿಂದ್ರಾ? ಸಾಕು ಬಿಡಿ. ನಾನು ಮಾತ್ರೇನೇ ತಗೊಳ್ತೀನಿ. ದವಡೆಗೆ ತೊಂದ್ರೆ ಆಗೋದು ಸಾವಿರಾರು ಜನಕ್ಕೆ ಒಬ್ರಿಗಂತೆ. ಸೊಂಟ ಮುರಿದೋರನ್ನ ನಮ್ಮನೇಲೇ ನೋಡಿದೀನಿ. ಅಲ್ಲಾಡ್ತಿರೋ ಹಲ್ಲು ಮೊದಲೇ ಕೀಳಿಸ್ಕೊಂಡು, ಮಾದ ಮೇಲೆ ಶುರು ಮಾಡ್ತೀನಿ. ಡಾಕ್ಟ್ರನ್ನ ಫೋನಲ್ಲಿ ಕೇಳಿದೆ, ಸರಿ ಅಂದ್ರು.”

“ಲಿಂಗಪೂಜೆ?” ಎಂದ ಜಂಬಣ್ಣ. ಪೂಜೆಯಾಗದೆ ಅವಳು ಬಾಯಿಗೆ ಹನಿ ನೀರೂ ಹಾಕಿದವಳಲ್ಲ, ಅವನೂ ಹಾಕಬಾರದೆಂಬುದು ಅವಳ ಕಟ್ಟಳೆ.

“ಪೂಜೆ ಮುಗಿಸಿ ನುಂಗ್ತೀನಿ. ಅಂಗೈಲಿ ಲಿಂಗ ಇಟ್ಕೊಂಡು ಅರ್ಧ ಗಂಟೆ ನೆಟ್ಟಗೆ ಕೂರೋಳಿಗೆ ಇನ್ನರ್ಧ ಗಂಟೆ ಏನು ಮಹಾ?”

ಹಲ್ಲಿನ ಗಾಯ ಮಾದು ಮಾತ್ರೆ ಶುರುವಾಯಿತು. ಪ್ರತಿ ಸೋಮವಾರ ಅವಳು ನುಂಗಿ ಕೂತರೆ, ಜಂಬಣ್ಣ ಗಾರೆಯವರ ರಸಮಟ್ಟ ತಂದು ಅವಳ ಭುಜದ ಮೇಲೆ ಅಡ್ಡ ಇಟ್ಟು ನೋಡುತ್ತಿದ್ದ. ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಲ್ಲುತ್ತಿತ್ತು. “ಪಾಸ್,” ಎನ್ನುವಾಗ ಅವನ ಎದೆ ಉಬ್ಬುತ್ತಿತ್ತು.

ಮೂರು ತಿಂಗಳಾದ ಮೇಲೆ ಡಾಕ್ಟರ ಹತ್ತಿರ ಹೋದಾಗ ಜಗದಾಂಬಾ, “ನಂದಿರ್ಲಿ, ಇವರನ್ನ ಅಳೀರಿ,” ಅಂದಳು. “ಹೋದ ವರ್ಷ ಪಾದದ ಮೇಲೆ ನಿಲ್ತಿದ್ದ ಪಂಚೆ ಈಗ ನೆಲ ಗುಡಿಸ್ತಿದೆ. ಪಂಚೆ ಬೆಳೆಯುತ್ತಾ? ಇವರೇ ಕುಗ್ಗಿದಾರೆ.”

ಅಳೆದರು. ಜಂಬಣ್ಣನ ಮೂಳೆ ಹೆಂಡತಿಯದಕ್ಕಿಂತ ಟೊಳ್ಳು!

“ನಿಮಗೂ ಅದೇ ಮಾತ್ರೆ,” ಅಂದರು ಡಾಕ್ಟರು. “ಬೆಳಿಗ್ಗೆ ಎದ್ದು ಮೊದಲು ಏನು ತಗೊಳ್ತೀರಿ?”

ಜಂಬಣ್ಣನಿಗೆ ಸುಳ್ಳು ಬರುವುದಿಲ್ಲ. ಹೆಂಡತಿಯ ಮುಖ ನೋಡಿದ. ನೆಲ ನೋಡಿದ.

“ಕಾಫಿ. ನಾಗಯ್ಯನ ಮನೇಲಿ.”

“ಪೂಜೆಗೆ ಮುಂಚೆನಾ?” ಅಂದಳು ಜಗದಾಂಬಾ.

“ಹ್ಞೂಂ.”

“ಯಾವಾಗಿಂದ?” ಎಂದು ಡಾಕ್ಟರು ಕೇಳಿದರು.

“ಕ್ಯಾಂಟೀನು... ಫಸ್ಟ್ ಶಿಫ್ಟ್ ಕಾಲದಿಂದ.”

ಜಗದಾಂಬಾ ಕೂಗಲಿಲ್ಲ. “ನಂಗೆ ಮದುವೆ ಆದ ವರ್ಷಾನೇ ಗೊತ್ತು ಡಾಕ್ಟ್ರೇ. ಮೀಸೆ ಒರ್ಸ್ಕೊಂಡು ಬಂದ್ರೆ ವಾಸನೆ ಹೋಗುತ್ತಾ? ಒಂದು ದಿನ ತಾವಾಗೇ ಹೇಳ್ತಾರೆ ಅಂತ ಕಾಯ್ತಿದ್ದೆ, ಅಷ್ಟೇ.”

ಆ ದವಡೆ ಮೂವತ್ತೊಂಬತ್ತು ವರ್ಷ ಈ ಒಂದು ಮಾತನ್ನು ಹಿಡಿದುಕೊಂಡಿತ್ತು! ಇಂಥ ಗಟ್ಟಿ ಮೂಳೆಯನ್ನು ಯಾವ ಯಂತ್ರ ಅಳೆಯುತ್ತದೆ ಎಂದುಕೊಂಡ ಜಂಬಣ್ಣ.

ಮುಂದಿನ ಸೋಮವಾರ ಇಬ್ಬರೂ ಪೂಜೆ ಮುಗಿಸಿ, ಮಾತ್ರೆ ನುಂಗಿ, ಅಕ್ಕಪಕ್ಕ ಮಣೆಯ ಮೇಲೆ ಕೂತರು. ಅಡುಗೆಮನೆಯ ಫಿಲ್ಟರಿನಿಂದ ಡಿಕಾಕ್ಷನ್ನಿನ ಘಮ ಬಂತು. ಜಂಬಣ್ಣ ತನಗೇ ಗೊತ್ತಿಲ್ಲದಂತೆ ಆ ಕಡೆ ವಾಲಿದ.

ಜಗದಾಂಬಾ ಎದ್ದು ರಸಮಟ್ಟ ತಂದು ಅವನ ಭುಜದ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಗುಳ್ಳೆ ನೋಡಿದಳು.

“ಫೇಲ್.”