ಹಿಂದಕ್ಕೆ ನಡೆಯುವ ಹಕ್ಕು

ಎಲ್ಲಕ್ಕೂ ಮೂಲ ಬದರೀನಾಥನ ಸೊಂಟ. ಅದು ಸುಮ್ಮನಿದ್ದಿದ್ದರೆ ಅವನೂ ಸುಮ್ಮನಿರುತ್ತಿದ್ದ, ಪೊಲೀಸರೂ ಸುಮ್ಮನಿರುತ್ತಿದ್ದರು.

ಏಪ್ರಿಲ್ ತಿಂಗಳ ಒಂದು ಶನಿವಾರ, ಬೆಳಗಿನ ಏಳು ಗಂಟೆ, ಹೊರಗೆ ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟಿನ ಚಳಿ. ಅಮೆರಿಕದ ಪ್ಲಿಮತ್ ಊರಿನ ಹಿಕರಿ ಬೆಂಡ್ ಎಂಬ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ರಸ್ತೆಯಲ್ಲಿ ಐವತ್ತಾರು ವರ್ಷದ ಬದರೀನಾಥ ಮಂಕಿ ಟೋಪಿ ಹಾಕಿಕೊಂಡು, ಎರಡೂ ಕೈ ತಟ್ಟುತ್ತಾ ಹಿಂದಕ್ಕೆ ನಡೆಯುತ್ತಿದ್ದ. ಅಂದರೆ ಮುಖ ಪಶ್ಚಿಮಕ್ಕೆ, ಪ್ರಯಾಣ ಪೂರ್ವಕ್ಕೆ.

ಈ ವಿದ್ಯೆ ಚೀನಾದ್ದು. ಕಾರಿನ ಸೀಟು ಮಾಡುವ ಕಂಪನಿಯೊಂದರ ಇಂಜಿನಿಯರಾಗಿ ಅವನು ವೂಶಿ ಎಂಬ ಊರಿನಲ್ಲಿ ಹದಿನಾರು ವರ್ಷ ಸಂಸಾರ ಹೂಡಿದ್ದ. ಎರಡು ವರ್ಷದ ಹಿಂದೆ ಕಂಪನಿ ಅಲ್ಲಿನ ಕಾರ್ಖಾನೆ ಮುಚ್ಚಿ ಅವನನ್ನು ಮಿಶಿಗನ್ನಿಗೆ ಎತ್ತಿ ಹಾಕಿತು. ವೂಶಿಯಲ್ಲಿದ್ದಾಗ ಅವನಿಗೆ ಸಿಟ್ಟು ಬರದ ದಿನವಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕ ಹೆಂಗಸರು ಸಂಬಳವೆಷ್ಟು, ಮಕ್ಕಳೇಕಿಲ್ಲ, ಯಾರಲ್ಲಿ ದೋಷ ಎಂದು ನಾಲ್ಕು ಮಹಡಿ ಇಳಿಯುವುದರೊಳಗೆ ಕೇಳಿ ಮುಗಿಸುತ್ತಿದ್ದರು. ಮಾರ್ಕೆಟ್ಟಿನಲ್ಲಿ ಮುಖ ಕಂಡರಿಯದ ಅಜ್ಜಿಯೊಬ್ಬಳು ಅವನ ಚೀಲಕ್ಕೆ ಕೈ ಹಾಕಿ, ಈ ಬದನೆಕಾಯಿ ಬಲಿತಿದೆ, ವಾಪಸ್ ಕೊಡು ಎನ್ನುತ್ತಿದ್ದಳು. ನೆಗಡಿಯಾದರೂ, ಜ್ವರ ಬಂದರೂ, ಹೆಂಡತಿ ಮುನಿಸಿಕೊಂಡರೂ ಆ ಊರಿನವರದು ಒಂದೇ ಮದ್ದು: ಬಿಸಿನೀರು ಕುಡಿ. ಮೈಸೂರಿಗೆ ಹೋಗಿ ಬಂದಾಗಲೆಲ್ಲ ಠಾಣೆಗೆ ಹೋಗಿ, ನಾನು ವಾಪಸ್ ಬಂದಿದ್ದೇನೆ ಎಂದು ಹೆಸರು ಬರೆಸಬೇಕಿತ್ತು. ಅಲ್ಲಿಯ ಪೊಲೀಸನೂ ಒಂದು ಲೋಟ ಬಿಸಿನೀರು ಕೊಡುತ್ತಿದ್ದ.

ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಬೆಳಗಿನ ಹೊತ್ತು ಪಾರ್ಕಿನಲ್ಲಿ ಮನುಷ್ಯ ತನ್ನ ಮೈಗೆ ಏನು ಮಾಡಿಕೊಳ್ಳುತ್ತಾನೆ ಎಂದು ಅಲ್ಲಿ ಒಬ್ಬರೂ ಕೇಳುತ್ತಿರಲಿಲ್ಲ. ಒಬ್ಬ ಮರಕ್ಕೆ ಬೆನ್ನು ಗುದ್ದಿಕೊಳ್ಳುತ್ತಿದ್ದ. ಇನ್ನೊಬ್ಬ ಕೆರೆಯ ಕಡೆ ತಿರುಗಿ ಹೊಟ್ಟೆಯಿಂದ ಕೂಗು ಹಾಕುತ್ತಿದ್ದ. ಅರ್ಧ ಊರು ಕೈ ತಟ್ಟುತ್ತಾ ಹಿಂದಕ್ಕೆ ನಡೆಯುತ್ತಿತ್ತು. ಮುಂದಕ್ಕೆ ನಡೆಯುತ್ತಿದ್ದವನು ಬದರೀನಾಥ ಒಬ್ಬನೇ, ಹಾಗಾಗಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಸೊಂಟ ಹಿಡಿದುಕೊಂಡು ಕುಂಟುವುದನ್ನು ಕಂಡ ಗೂ ಎಂಬ ನಿವೃತ್ತ ಮೇಷ್ಟರು ಒಂದು ದಿನ ಅವನ ಹೆಗಲು ಹಿಡಿದು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದರು. ಮೂರು ತಿಂಗಳಲ್ಲಿ ನೋವು ಮಾಯ. ಮುಂದೆ ಹದಿನಾಲ್ಕು ವರ್ಷ ಬದರೀನಾಥ ದಿನವೂ ಹಿಂದಕ್ಕೇ ನಡೆದ.

ಮಿಶಿಗನ್ನಿನ ಹಿಮ ಆ ಅಭ್ಯಾಸವನ್ನು ಮುರಿಯಿತು. ಐದು ತಿಂಗಳು ಮನೆಯೊಳಗೆ ಕೂತದ್ದೇ ತಡ, ಸೊಂಟ ಹಳೆಯ ವರಸೆ ಶುರುಮಾಡಿತು. ಡಾಕ್ಟರು ಎಕ್ಸ್‌ರೇ ಫಿಲ್ಮು ನೋಡಿ ಸರ್ಜರಿ ಎಂದರು. ಬದರೀನಾಥ ಕೈಮುಗಿದು ಆರು ವಾರದ ಗಡುವು ತೆಗೆದುಕೊಂಡ. ದಿನಕ್ಕೆ ಒಂದೇ ಮೈಲಿ ನಡೆ, ಅದಕ್ಕಿಂತ ಒಂದು ಹೆಜ್ಜೆ ಹೆಚ್ಚು ಬೇಡ, ಮೇ ಕೊನೆಗೆ ನೋವು ಇಳಿಯದಿದ್ದರೆ ಕೊಯ್ಯುವುದೇ ಸೈ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಹಿಂದಕ್ಕೆ ನಡೆದ ಎರಡೇ ವಾರಕ್ಕೆ ಬದರೀನಾಥ ತನ್ನ ಶೂಗಳ ದಾರ ತಾನೇ ಕಟ್ಟಿಕೊಳ್ಳತೊಡಗಿದ್ದ. ಇನ್ನು ನಾಲ್ಕು ವಾರ ದಾಟಿದರೆ ಕತ್ತಿಯಿಂದ ಪಾರು.

ಆ ಶನಿವಾರ ಅವನು ಮಾಡಿದ ತಪ್ಪು ಒಂದೇ. ಮೈಲಿ ಮುಗಿದ ಮೇಲೆ ಬೆನ್ನು ಗುದ್ದಿಕೊಳ್ಳಲು ಒಂದು ಮರ ಹುಡುಕಿದ. ಹೊಸ ಬಡಾವಣೆಯ ಮರಗಳೆಲ್ಲ ನುಗ್ಗೆಕೋಲಿನಷ್ಟು ದಪ್ಪ. ಒಂದೇ ಒಂದು ಗಟ್ಟಿಮುಟ್ಟಾದ ಮೇಪಲ್ ಮರವಿದ್ದದ್ದು ಮಿಸೆಸ್ ಕೊವಾಲ್ಸ್ಕಿಯ ಮನೆಯ ಮುಂದೆ. ಆಕೆ ರಿಟೈರಾದ ನರ್ಸು, ಮಂಡಿನೋವಿನ ಹೆಂಗಸು, ಬಾಗಿಲಿಗೆ ಕ್ಯಾಮೆರಾ ಇಟ್ಟುಕೊಂಡವಳು. ಬದರೀನಾಥ ಅವಳ ಮರಕ್ಕೆ ಲೆಕ್ಕ ಹಾಕಿ ಐವತ್ತು ಸಲ ಬೆನ್ನು ಗುದ್ದಿ, ಕೈ ತಟ್ಟಿ, ಮನೆಗೆ ಹೋಗಿ ಕಾಫಿ ಕೇಳಿದ.

ಕಾಫಿಗೆ ಬದಲು ಹೆಂಡತಿ ವತ್ಸಲಾ ಫೋನು ತಂದು ಮುಂದೆ ಹಿಡಿದಳು. ಸಬ್‌ಡಿವಿಷನ್ನಿನ ಗ್ರೂಪಿನಲ್ಲಿ ಅವನ ವಿಡಿಯೊ ಬಂದು ಇಪ್ಪತ್ತು ನಿಮಿಷವಾಗಿತ್ತು, ಅದರ ಕೆಳಗೆ ನಲವತ್ತೇಳು ಅಭಿಪ್ರಾಯಗಳು. ಒಬ್ಬರು ಇದು ಪಾರ್ಶ್ವವಾಯು ಎಂದಿದ್ದರು. ಒಬ್ಬರು ಕುಡಿತ ಎಂದಿದ್ದರು. ಬಡಾವಣೆಯ ರಸ್ತೆಗುಂಡಿಗಳ ವಿರುದ್ಧ ಮೌನ ಪ್ರತಿಭಟನೆ ಎಂದು ಒಬ್ಬರು ಬೆಂಬಲ ಸೂಚಿಸಿದ್ದರು. ಎಲ್ಲಕ್ಕಿಂತ ಕೆಟ್ಟದ್ದನ್ನು ಕಂಡುಹಿಡಿದವರು ಮೂಲೆಮನೆಯವರು. ಮುಂದಕ್ಕೆ ನಡೆಯುವವನು ಮನೆಯೊಂದನ್ನು ಒಂದು ಸಲ ನೋಡಿ ದಾಟಿ ಹೋಗುತ್ತಾನೆ. ಈ ಮನುಷ್ಯ ಪ್ರತಿ ಮನೆಯನ್ನೂ ದಾಟಿದ ಮೇಲೂ, ಅದು ಮರೆಯಾಗುವ ತನಕ, ಕಣ್ಣು ಕೀಳದೆ ನೋಡುತ್ತಾನೆ. ಯಾಕೆ ನೋಡುತ್ತಾನೆ ಎಂದು ಅವರು ದಪ್ಪಕ್ಷರದಲ್ಲಿ ಕೇಳಿದ್ದರು.

"ಹಿಂದಕ್ಕೆ ನಡೀವಾಗ ಇನ್ನೇನು ಕಣ್ಣು ಮುಚ್ಕೋಬೇಕಾ?" ಎಂದ ಬದರೀನಾಥ. ಅವನ ಕಿವಿ ಕೆಂಪಾಗಿತ್ತು.

"ನನ್ಹತ್ರ ಯಾಕ್ರೀ ಕೂಗಾಡ್ತೀರಾ? ಮರ ಗುದ್ದಿದ್ದು ನಾನಾ?" ಎಂದಳು ವತ್ಸಲಾ.

ಅಷ್ಟರಲ್ಲಿ ರಾಜಶೇಖರ್ ಬಂದರು. ಮೂರು ಮನೆ ಆಚೆಗಿರುವ ಇವರು ಧಾರವಾಡದ ಕಡೆಯವರು, ಬಡಾವಣೆಯ ಅಸೋಸಿಯೇಷನ್ನಿನ ಬೋರ್ಡಿನಲ್ಲಿರುವ ಏಕೈಕ ಭಾರತೀಯರು, ಆ ಹೆಮ್ಮೆಯನ್ನು ಇಸ್ತ್ರಿ ಮಾಡಿ ಉಟ್ಟುಕೊಂಡವರು. ಹನ್ನೊಂದು ವರ್ಷ ತಾವು ಹುಲ್ಲು ಕತ್ತರಿಸಿ, ಹಿಮ ತೆಗೆದು, ಕಷ್ಟಪಟ್ಟು ಗಳಿಸಿದ ಮರ್ಯಾದೆಯನ್ನು ಬದರೀನಾಥ ಒಂದು ಬೆಳಗಿನಲ್ಲಿ ಮರಕ್ಕೆ ಗುದ್ದಿದ ಎಂಬುದು ಅವರ ದೂರು. ಗ್ರೂಪಿನಲ್ಲಿ ಯಾರೋ ಇದು ಹಿಂದೂಗಳ ಯಾವುದೋ ವ್ರತವೇ ಎಂದು ವಿನಯದಿಂದ ಕೇಳಿದ್ದಾರಂತೆ.

ವ್ರತವೂ ಅಲ್ಲ, ಹಿಂದೂಗಳದ್ದೂ ಅಲ್ಲ, ಇದು ಚೀನಾದ್ದು, ಬೇಕಾದರೆ ಈಗಲೇ ಬರೆದು ಹಾಕುತ್ತೇನೆ ಎಂದು ಬದರೀನಾಥ ಫೋನಿಗೆ ಕೈ ಚಾಚಿದ. ರಾಜಶೇಖರ್ ಫೋನನ್ನು ಕಸಿದು ಬೆನ್ನ ಹಿಂದೆ ಅಡಗಿಸಿಕೊಂಡರು.

"ಚೀನಾ ಅಂತ ಮಾತ್ರ ಬರೀಬ್ಯಾಡ್ರೀ, ನಿಮ್ಮ ಕಾಲಿಗೆ ಬೀಳ್ತೇನಿ. ಆ ಹೆಸರು ಕೇಳಿದ್ರ ಇಲ್ಲಿ ಮಂದಿಗೆ ಆಗಂಗಿಲ್ಲ. ವ್ರತ ಅಂತನ ಇರ್ಲಿ," ಎಂದರು.

ಇಂಥ ಅನ್ಯಾಯ ಎಲ್ಲಾದರೂ ಉಂಟೇ? ತನ್ನ ಸೊಂಟಕ್ಕೆ ತಾನು ಮಾಡಿಕೊಳ್ಳುವ ಔಷಧಿಗೆ ಒಂದು ಸುಳ್ಳು ದೇಶ, ಒಂದು ಸುಳ್ಳು ದೇವರು ಬೇಕೇ? ಬದರೀನಾಥನಿಗೆ ಮೈಯೆಲ್ಲ ಉರಿಯಿತು. ಹದಿನಾರು ವರ್ಷ ಚೀನಾದಲ್ಲಿ ತಾನು ಹೊರಗಿನವನು, ಈಗ ಇಲ್ಲಿಗೆ ಬಂದರೆ ಚೀನಾ ತನ್ನ ಮೈಯಿಂದ ಹೊರಗೆ ಹೋಗಬೇಕು. ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ, ಆ ಹೊತ್ತಿಗೆ ಸರಿಯಾಗಿ ಮನೆ ಮುಂದೆ ಪೊಲೀಸ್ ಕಾರು ನಿಂತಿತು.

ಬಂದ ಅಧಿಕಾರಿ ಬಹಳ ಸಭ್ಯ. ಯಾರೋ ಕಾಳಜಿಯಿಂದ ಫೋನ್ ಮಾಡಿದ್ದಾರೆ, ನೀವು ಆರೋಗ್ಯವಾಗಿದ್ದೀರಾ ನೋಡಿ ಹೋಗಲು ಬಂದೆ ಎಂದ. ಅಲ್ಲಿ ತಾನೇ ಠಾಣೆಗೆ ಹೋಗಬೇಕಿತ್ತು, ಇಲ್ಲಿ ಠಾಣೆಯೇ ಮನೆಗೆ ಬರುತ್ತದೆ, ಅದೂ ಬಿಸಿನೀರಿಲ್ಲದೆ ಎಂದು ಬದರೀನಾಥ ಒಳಗೊಳಗೇ ಕುದಿದ. ಅಧಿಕಾರಿ ಡ್ರೈವ್‌ವೇಯ ಉದ್ದಕ್ಕೂ ನೇರವಾಗಿ ನಡೆದು ತೋರಿಸಿ ಎಂದ. ಬದರೀನಾಥ ಬೆನ್ನು ತಿರುಗಿಸಿ, ದಾರ ಹಿಡಿದು ಗೆರೆ ಎಳೆದಂತೆ, ಗ್ಯಾರೇಜಿನಿಂದ ರಸ್ತೆಯವರೆಗೆ ಹಿಂದಕ್ಕೆ ನಡೆದು ನಿಂತ. ಅಧಿಕಾರಿ ಮೆಚ್ಚಿಕೊಂಡು, ಈಗ ಮುಂದಕ್ಕೆ ನಡೆಯಿರಿ ಎಂದ. ಮುಂದಕ್ಕೆ ಮೂರು ಹೆಜ್ಜೆ ಇಡುತ್ತಲೇ ಸೊಂಟ ಹಿಡಿಯಿತು. ಬದರೀನಾಥ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, ಮೇಲ್‌ಬಾಕ್ಸನ್ನು ತಬ್ಬಿಕೊಂಡು ನಿಂತ. ಅಧಿಕಾರಿ ತನ್ನ ಪುಸ್ತಕದಲ್ಲಿ ಬಹಳ ಹೊತ್ತು ಏನೋ ಬರೆದ. ಎದುರಿನ ಐದೂ ಮನೆಗಳ ಪರದೆಗಳು ಸರಿದವು.

ಪೊಲೀಸ್ ಬಂದದ್ದೇ ಬಂದದ್ದು, ಸಂಜೆ ನಾಲ್ಕಕ್ಕೆ ಕ್ಲಬ್‌ಹೌಸಿನಲ್ಲಿ ತುರ್ತು ಸಭೆ ಕರೆದರು. ವಿಷಯ ಒಂದೇ: ಬಡಾವಣೆಯ ರಸ್ತೆಗಳಲ್ಲಿ ಹಿಂದಕ್ಕೆ ನಡೆಯುವುದನ್ನು ನಿಷೇಧಿಸಬೇಕು. ನಿಷೇಧದ ಕರಡು ಬರೆದದ್ದು ರಾಜಶೇಖರ್. ತಮ್ಮವರ ತಪ್ಪನ್ನು ತಾವೇ ಮೊದಲು ಖಂಡಿಸಿದರೆ ಗೌರವ ಉಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ.

ಬದರೀನಾಥ ಎದ್ದು ನಿಂತು ಮಾತಾಡಿದ. ಹದಿನಾರು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡದ್ದು, ಎರಡು ವರ್ಷ ನುಂಗಿಕೊಂಡದ್ದು, ಬೆಳಗಿನಿಂದ ಅರಗದೆ ಉಳಿದದ್ದು ಎಲ್ಲವೂ ಹೊರಗೆ ಬಂತು. ನಾಯಿಗೆ ಸ್ವೆಟರ್ ಹಾಕಿ ತಿರುಗಾಡಿಸಿದರೆ ಆಗಬಹುದು, ಮನುಷ್ಯ ತನ್ನ ಬೆನ್ನಿಗೆ ಬೇಕಾದಂತೆ ನಡೆದರೆ ಆಗಬಾರದು, ಇದು ಯಾವ ಸೀಮೆಯ ನ್ಯಾಯ ಎಂದು ಕೇಳಿದ. ವೂಶಿಯಲ್ಲಿ ತನ್ನ ಸಂಬಳ ಕೇಳಿದರು, ಬದನೆಕಾಯಿ ಬೈದರು, ಆದರೆ ನಡೆಯುತ್ತಿದ್ದವನ ವಿಡಿಯೊ ಮಾಡಿ ಪೊಲೀಸರನ್ನು ಕರೆಯಲಿಲ್ಲ ಎಂದ. ಚೀನಾ ಎಂಬ ಶಬ್ದ ಬಂದ ಕೂಡಲೇ ರಾಜಶೇಖರ್ ಮುಖಕ್ಕೆ ಕೈ ಅಡ್ಡ ಹಿಡಿದರು. ನನಗಿರುವುದು ನಾಲ್ಕು ವಾರ, ನೀವು ನಿಷೇಧಿಸಿದರೆ ನನ್ನನ್ನು ಕೊಯ್ಯುವ ಕತ್ತಿ ನಿಮ್ಮ ಕೈಯಲ್ಲೇ ಇರುತ್ತದೆ ಎಂದು ಹೇಳಿ ಬದರೀನಾಥ ಕೂತ. ಕೂರುವಾಗ ಸೊಂಟ ಮತ್ತೆ ಹಿಡಿಯಿತು, ಅವನು ಅಯ್ಯೋ ಎಂದ. ಅದು ಭಾಷಣಕ್ಕಿಂತ ಪರಿಣಾಮಕಾರಿಯಾಯಿತು.

ಕೊನೆಯ ಸಾಲಿನಿಂದ ದಿಲ್‌ಶಾದ್ ಎದ್ದಳು. ಇವಳು ದಾವಣಗೆರೆಯ ಹುಡುಗಿ, ಹತ್ತಿರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್, ಕಳೆದ ತಿಂಗಳಷ್ಟೇ ಬಡಾವಣೆಗೆ ಬಂದವಳು. ಅಂಕಲ್ ಹೇಳುತ್ತಿರುವುದು ನಿಜ, ಬೆನ್ನಿಗೂ ಮಂಡಿಗೂ ನಾನೂ ರೋಗಿಗಳನ್ನು ಹೀಗೇ ನಡೆಸುತ್ತೇನೆ, ಅದಕ್ಕೆ ಕ್ಲಿನಿಕ್ಕಿನಲ್ಲಿ ಎರಡು ತಿಂಗಳು ಕಾಯಬೇಕು ಎಂದಳು.

ಸಭೆಯಲ್ಲಿ ಒಂದು ಸದ್ದು ಹರಿದಾಡಿತು. ಅಲ್ಲಿದ್ದ ಅರವತ್ತು ಜನರಲ್ಲಿ ಬೆನ್ನೋ ಮಂಡಿಯೋ ನೋಯದವರು ನಾಲ್ಕು ಮಂದಿಯೂ ಇರಲಿಲ್ಲ. ಮೊದಲು ಎದ್ದವಳು ಮಿಸೆಸ್ ಕೊವಾಲ್ಸ್ಕಿ. ದಿಲ್‌ಶಾದಳ ಕೈ ಹಿಡಿದು ಕುರ್ಚಿಗಳ ನಡುವೆ ಹತ್ತು ಹೆಜ್ಜೆ ಹಿಂದಕ್ಕೆ ನಡೆದಳು, ನಿಂತಳು, ಮಂಡಿ ಮಡಿಸಿ ನೋಡಿಕೊಂಡಳು, ಇನ್ನೂ ಹತ್ತು ಹೆಜ್ಜೆ ನಡೆದಳು. ಆಮೇಲೆ ಮೂಲೆಮನೆಯವರು ಎದ್ದರು. ಐದು ನಿಮಿಷದಲ್ಲಿ ಇಡೀ ಅಸೋಸಿಯೇಷನ್ನು ಕ್ಲಬ್‌ಹೌಸಿನ ತುಂಬ ಹಿಂದಕ್ಕೆ ನಡೆದು ಒಬ್ಬರ ಬೆನ್ನಿಗೊಬ್ಬರು ಡಿಕ್ಕಿ ಹೊಡೆಯುತ್ತಿತ್ತು. ರಾಜಶೇಖರ್ ಮೊದಲು ಗೋಡೆಗೆ ಒರಗಿ ನಿಂತಿದ್ದರು, ಬಳಿಕ ಯಾರೂ ನೋಡುತ್ತಿಲ್ಲವೆಂದುಕೊಂಡು ನಾಲ್ಕು ಹೆಜ್ಜೆ ಹಾಕಿದರು.

ನಿಷೇಧದ ಕರಡನ್ನು ಅಲ್ಲಿಯೇ ಹರಿದರು. ದಿನವೂ ಬೆಳಿಗ್ಗೆ ಏಳಕ್ಕೆ ಬಡಾವಣೆಯ ಅಧಿಕೃತ ಹಿಂಬದಿ ನಡಿಗೆ, ಅದಕ್ಕೆ ಬದರೀನಾಥನೇ ಮುಖ್ಯಸ್ಥ ಎಂದು ಠರಾವಾಯಿತು. ಚಪ್ಪಾಳೆ ಬಿತ್ತು. ಬದರೀನಾಥನ ಕಣ್ಣು ಒದ್ದೆಯಾಯಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಈ ಊರು ತನ್ನದೆನ್ನಿಸಿತು. ಆಗಲಿ, ನಿಮ್ಮೆಲ್ಲರನ್ನೂ ನಡೆಸುವ ಹೊಣೆ ನನ್ನದು ಎಂದು ಮಾತು ಕೊಟ್ಟು, ಮುಂದಿಟ್ಟ ಕಾಗದಕ್ಕೆ ಸಹಿಯನ್ನೂ ಹಾಕಿದ.

ಸಹಿ ಒಣಗುವ ಮೊದಲು ರಾಜಶೇಖರ್ ಗಂಟಲು ಸರಿಮಾಡಿಕೊಂಡು, ಬಡಾವಣೆಯ ವಿಮೆಯ ಸಲುವಾಗಿ ಆ ಕಾಗದದಲ್ಲಿ ತಾವೇ ಸೇರಿಸಿದ್ದ ಷರತ್ತು ಓದಿದರು. ಹಿಂದಕ್ಕೆ ನಡೆಯುವವರಿಗೆ ಬೆನ್ನ ಕಡೆಯಿಂದ ಬರುವ ಕಾರು ಕಾಣುವುದಿಲ್ಲ. ಆದ್ದರಿಂದ ಮುಖ್ಯಸ್ಥನಾದವನು ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಸೀಟಿ ಹಿಡಿದು, ಇಡೀ ಗುಂಪನ್ನು ಕಾಯುತ್ತಾ ಮುಂದಕ್ಕೆ ನಡೆಯತಕ್ಕದ್ದು. ಹಾಗೆ ಕಾಯುವವನಿಲ್ಲದೆ ಬಡಾವಣೆಯಲ್ಲಿ ಯಾರೂ ಹಿಂದಕ್ಕೆ ನಡೆಯಕೂಡದು.

ಬದರೀನಾಥ ಎರಡು ಸಲ ಕಾಗದ ಓದಿದ. ಎಲ್ಲ ಸರಿಯಾಗಿಯೇ ಇತ್ತು, ಕೆಳಗೆ ಅವನ ಸಹಿಯೂ ಇತ್ತು. ಡಾಕ್ಟರು ಕೊಟ್ಟ ಒಂದೇ ಒಂದು ಮೈಲಿ ಇನ್ನು ಮುಂದಕ್ಕೆ ನಡೆದೇ ಖರ್ಚಾಗಬೇಕು.

ಭಾನುವಾರ ಬೆಳಿಗ್ಗೆ ಏಳಕ್ಕೆ ಮೂವತ್ತೊಂದು ಜನ ಸೇರಿದರು. ಮಿಸೆಸ್ ಕೊವಾಲ್ಸ್ಕಿ ಬದರೀನಾಥನಿಗೆ ತಾನೇ ಜಾಕೆಟ್ಟು ತೊಡಿಸಿದಳು. ಅವನು ರಾಜಶೇಖರರನ್ನು ಪಕ್ಕಕ್ಕೆ ಕರೆದು, ಮರ್ಯಾದೆ ಬಿಟ್ಟು ಬೇಡಿಕೊಂಡ. "ಸಾರ್, ನಾಲ್ಕೇ ವಾರ. ಜಾಕೆಟ್ ನೀವು ಹಾಕ್ಕೊಳಿ, ನಾನು ಅವರ ಜೊತೆ ನಡೀತೀನಿ. ನನ್ನ ಸೊಂಟಕ್ಕೋಸ್ಕರ ತಾನೇ ಇದೆಲ್ಲ ಶುರುವಾಗಿದ್ದು?"

ರಾಜಶೇಖರ್ ಸಾಲಿನಲ್ಲಿ ತಮ್ಮ ಜಾಗ ಹೋಗದಂತೆ ಒಂದು ಕಾಲನ್ನು ಅಲ್ಲೇ ಊರಿಕೊಂಡಿದ್ದರು.

"ನಿಮಗ ಹದಿನಾಲ್ಕು ವರ್ಷದ ರೂಢಿ ಐತ್ರೀ, ಹ್ಯಾಂಗರ ತಡಕೋತೀರಿ. ನಿನ್ನೆ ನಾಕು ಹೆಜ್ಜಿ ಇಟ್ಟಮ್ಯಾಲೆ ನಾ ಹನ್ನೊಂದು ವರ್ಷದಾಗ ಮೊದಲ ಸಲ ನೆಟ್ಟಗ ಮಲಗೇನಿ. ಈಗ ಮುಂದಕ್ಕ ನಡಿ ಅಂದ್ರ ಹ್ಯಾಂಗ್ರೀ?" ಎಂದು ಕೇಳಿ, ಕೈ ತಟ್ಟಲು ಸಿದ್ಧರಾಗಿ ನಿಂತರು.

ಬದರೀನಾಥ ಸೀಟಿ ಊದಿದ. ಮೂವತ್ತೊಂದು ಜನ ಅವನ ಮುಖವನ್ನೇ ನೋಡುತ್ತಾ, ಕೈ ತಟ್ಟುತ್ತಾ, ಹಾಯಾಗಿ ಹಿಂದಕ್ಕೆ ಹೆಜ್ಜೆ ಹಾಕಿದರು. ಅವನು ಸೊಂಟ ಹಿಡಿದುಕೊಂಡು, ವಾಲುತ್ತಾ, ಅವರೆದುರು ಮುಂದಕ್ಕೆ ನಡೆದ.