ಅತ್ತೆಯವರ ಗಾಳದ ರೀಲಿಗೆ, ಮತ್ತೆ ಕಿರುಚುವಂತೆ ಕೋರಿ

ಮಾನ್ಯರೇ,

ನಮ್ಮ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ವಿರಾಜಮಾನರಾಗಿ, ಮನೆಮಂದಿಯೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟು ಉಣ್ಣುವಂತೆ ಮಾಡಿರುವ ತಮಗೆ, ತಮ್ಮ ಒಡತಿಯ ಅಳಿಯನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದು ಬರಿಯ ಉಪಚಾರದ ಮಾತಲ್ಲ. ತಮ್ಮ ಸ್ಪ್ರಿಂಗು ಬೀರುವಿನ ಕೆಳಗೆ ಹಾರಿದಂದಿನಿಂದ ನಾನು ಬಹುಪಾಲು ಅದೇ ಭಂಗಿಯಲ್ಲಿದ್ದೇನೆ.

ಭಾನುವಾರ ಬಂತೆಂದರೆ ಅತ್ತೆಯವರು ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂರುವವರೆಂಬುದು ತಮಗೆ ನಾನು ಹೇಳಬೇಕಾದ್ದಲ್ಲ. ಅಂಥವರ ಕೈಯಲ್ಲಿ ತಾವು ಹಠಾತ್ತನೆ ಹಿಡಿಕೆ ಬಿಗಿದುಕೊಂಡು ಮುಷ್ಕರ ಹೂಡಿದಾಗ, ಕಚೇರಿಯ ಸ್ಟೇಪ್ಲರನ್ನು ಬದುಕಿಸಿ ಹೆಸರು ಗಳಿಸಿದ್ದ ನಾನು ಕರೆಯದೆಯೇ ಮುಂದೆ ಬಂದೆ. ಹಿಡಿಕೆ ತಿರುಗಿದರೆ ಸಾಕು, ಅದರ ಸದ್ದಿನ ತಂಟೆಗೆ ಹೋಗಬೇಡಿ ಎಂದು ಹೆಂಡತಿ ಒತ್ತಿ ಒತ್ತಿ ಹೇಳಿದಳು. ಹೆಂಡತಿಯ ಮಾತು ಕೇಳಿಕೊಂಡು ಯಂತ್ರ ಬಿಚ್ಚುವುದು ನನ್ನ ಶಾಸ್ತ್ರದಲ್ಲಿಲ್ಲ.

ತಮ್ಮ ಹೊಟ್ಟೆಯೊಳಗೆ ಅಂಟಾಗಿ ಒಣಗಿದ ಗ್ರೀಸು, ಮರಳು, ಯಾವ ಕಾಲದ್ದೋ ಮೀನಿನ ಹುರುಪೆ ಎಲ್ಲವೂ ಇದ್ದವು. ಸೀಮೆಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಮರಳಿ ಜೋಡಿಸಿದರೆ ಹಿಡಿಕೆಯೇನೋ ತಿರುಗಿತು, ದಾರ ಮಾತ್ರ ಸುತ್ತಲಿಲ್ಲ. ಒಳಗಿರಬೇಕಾದ ವಾಷರು ನನ್ನ ಮೊಣಕೈಗೆ ಅಂಟಿಕೊಂಡಿತ್ತು. ಅದನ್ನೂ ಸರಿಪಡಿಸಿದ ಮೇಲೆ ಉಳಿದದ್ದು, ದಾರ ಎಳೆದಾಗಲೆಲ್ಲ ತಾವು ಹೊರಡಿಸುತ್ತಿದ್ದ ಆ ಕಿರ್ರೆನ್ನುವ ಕೂಗು. ಅದು ರೋಗವೆಂದೇ ಬಗೆದು, ಹಲ್ಲುಚಕ್ರಕ್ಕೆ ತಾಗಿ ಸದ್ದು ಮಾಡುವ ತಮ್ಮ ಪುಟ್ಟ ನಾಲಿಗೆಯನ್ನು ಕಿತ್ತು ಗುಂಡಿಗಳ ಡಬ್ಬಿಗೆ ಹಾಕಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾರ ಬರತೊಡಗಿತು. ನನ್ನ ದೃಷ್ಟಿಯೇ ತಮಗೆ ತಾಗೀತೆಂದು ಹೆದರಿದೆ.

ಮುಂದಿನ ಭಾನುವಾರ ಕೆರೆಯ ದಂಡೆಯಲ್ಲಿ ದೊಡ್ಡ ಮೀನೇ ಕಚ್ಚಿತು. ದಾರ ಸರಸರನೆ ಓಡಿತು, ಆಸರೆಗೆ ಒರಗಿಸಿದ್ದ ಗಾಳದ ಕೋಲು ನೀರಿನತ್ತ ಜಾರಿತು. ಅತ್ತೆಯವರು ಅತ್ತಲೇ ಮುಖ ಮಾಡಿ ಕುಳಿತು, ಇವತ್ತು ಮೀನಿಗೆ ಹಸಿವೇ ಇಲ್ಲವೆಂದು ನನ್ನೊಡನೆ ಹರಟುತ್ತಿದ್ದರು. ನಾನು ಕೆಸರಿಗೆ ಬಿದ್ದು ಕೋಲನ್ನು ಹಿಡಿದೆ. ಮೀನು ದಾರ ಹರಿದುಕೊಂಡು ನಡೆಯಿತು. ಆಗ ಅವರು ತಮ್ಮನ್ನು ಕೈಗೆತ್ತಿಕೊಂಡು, ಹಿಡಿಕೆ ತಿರುಗಿಸಿ, ಕಿವಿಗಿಟ್ಟುಕೊಂಡು ಆಲಿಸಿದರು.

“ನನಗೆ ದಾರ ಕಾಣ್ಸೋದು ನಿಂತು ಬಹಳ ದಿನ ಆಯ್ತು ಅಳಿಯಂದಿರೇ, ಇದು ಕೂಗಿದ್ರೇನೇ ಮೀನು ಕಚ್ಚಿದ್ದು ಗೊತ್ತಾಗೋದು. ಮಗಳಿಗೆ ಹೇಳಬೇಡಿ, ಮನೇಲೇ ಕೂರಿಸಿಬಿಡ್ತಾಳೆ.”

ಮಾನ್ಯರೇ, ಅಂದು ನನಗಾದ ಸಂಕಟವನ್ನು ತಮ್ಮಂಥ ಕಬ್ಬಿಣದ ಹೃದಯದವರಿಗೆ ಹೇಗೆ ತಿಳಿಸಲಿ? ಮನೆಗೆ ಬಂದವನೇ ನಾಲಿಗೆಯನ್ನು ಮೊದಲಿನ ಜಾಗದಲ್ಲೇ ಕೂರಿಸಹೊರಟೆ. ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಬೀರುವಿನ ಕೆಳಗೆ ಹಾರಿದ್ದು ಆಗಲೇ. ಬಾಲ್‌ಪೆನ್ನಿನ ಸ್ಪ್ರಿಂಗು ತುರುಕಿದರೆ ತಾವು ಬಿಕ್ಕಳಿಸುತ್ತೀರಿ, ಅಷ್ಟೇ. ಇಡೀ ಬೀದಿಯನ್ನೇ ಎಬ್ಬಿಸಬಲ್ಲ ತಮ್ಮ ಆ ದಿವ್ಯ ಕಂಠವನ್ನು ಗದ್ದಲವೆಂದ ಮೂರ್ಖತನವನ್ನು ಮನ್ನಿಸಿ ಎಂದಿನಂತೆ ಕಿರುಚಬೇಕು. ಕಡ್ಡಿ ಸಿಕ್ಕಿಕೊಂಡರೆ ಒಂದು ರಾಗ, ಮೀನು ಸಿಕ್ಕರೆ ಇನ್ನೊಂದು ಎಂದು ಭೇದ ತೋರಬೇಕು. ಅತ್ತೆಯವರು ದಂಡೆಯ ತುದಿಗೆ ಹೆಜ್ಜೆ ಇಟ್ಟರೆ ದಾರ ಎಳೆಯದಿದ್ದರೂ ಸ್ವಂತ ಜವಾಬ್ದಾರಿಯಿಂದ ಕೂಗಬೇಕು. ಇಷ್ಟೆಲ್ಲ ಸದ್ದು ಯಾಕೆಂದು ನನ್ನ ಹೆಂಡತಿ ಕೇಳಿದರೆ ಮಾತ್ರ ಗಪ್‌ಚಿಪ್ಪಾಗಿರಬೇಕೆಂದು ಬೇಡಿಕೊಳ್ಳುತ್ತೇನೆ.

ತಮ್ಮ ಸದ್ದಿಗಾಗಿ ಕಿವಿಯೊಡ್ಡಿ ಮಲಗಿರುವ,
ತಮ್ಮ ವಿಶ್ವಾಸಿ,
ಸ್ಟೇಪ್ಲರ್ ತಜ್ಞ

ತಾ.ಕ.: ಈ ಬಹಿರಂಗ ಪತ್ರವನ್ನು ತಮ್ಮ ಕೆಳಗೇ ಇಟ್ಟು ಕಚೇರಿಗೆ ಹೋದದ್ದು ನನ್ನ ಬುದ್ಧಿವಂತಿಕೆಗೆ ತಕ್ಕುದಾಗಿಯೇ ಇತ್ತು. ಹೆಂಡತಿ ಓದಿದ್ದಾಳೆ. ಬೀರು ಸರಿಸಿ ಸ್ಪ್ರಿಂಗು ಹುಡುಕಿ ನನ್ನ ಕೈಗಿಟ್ಟಳು. ತಾಯಿಯ ಕಣ್ಣಿನ ವಿಷಯ ಅವಳಿಗೆ ಮೊದಲೇ ಗೊತ್ತಿತ್ತಂತೆ; ತನಗೆ ಗೊತ್ತೆಂದು ತಿಳಿದರೆ ಅವರು ಕೆರೆಗೆ ಹೋಗುವುದನ್ನೇ ಬಿಟ್ಟಾರು, ಬಾಯಿ ಬಿಡಬೇಡಿ ಎಂದಳು. ತಾಯಿ-ಮಗಳಿಬ್ಬರೂ ನನ್ನ ಬಾಯಿಗೆ ಬೀಗ ಹಾಕಿರುವುದರಿಂದ, ಈ ಮನೆಯಲ್ಲಿ ಬಾಯಿ ಬಿಡುವ ಹಕ್ಕು ಇನ್ನು ತಮಗೊಬ್ಬರಿಗೇ ಉಳಿದಿದೆ. ಭಾನುವಾರ ದಯವಿಟ್ಟು ಅದನ್ನು ಚಲಾಯಿಸಿ.