ಪಡಸಾಲೆಯ ಮುಳ್ಳಿನ ಛತ್ತು

ಕಾಸಾರಶಿರಸಿಯ ನಮ್ಮ ಮನೆಯಲ್ಲಿ ನಗುವಂಥದ್ದು ಆಗಾಗ ನಡೆಯುತ್ತಲೇ ಇರುತ್ತದೆ, ಆದರೆ ನಗಲಿಕ್ಕೆ ನನ್ನೊಬ್ಬಳನ್ನು ಬಿಟ್ಟು ಯಾರಿಗೂ ಪುರುಸೊತ್ತಿಲ್ಲ. ಉಳಿದವರೆಲ್ಲ ಮನೆತನದ ಇಜ್ಜತು ಕಾಯುವ ಕೆಲಸದಲ್ಲಿದ್ದಾರೆ. ಚಾವಣಿಗೆ ನಮ್ಮ ಕಡೆ ಛತ್ತು ಅನ್ನುತ್ತಾರೆ. ಕೆಳಗಿನ ಸಂಗತಿಗಳೆಲ್ಲ ಒಂದೇ ಛತ್ತಿನ ಕೆಳಗೆ ನಡೆದವು. ಹೆಚ್ಚಿನವು ನಡೆದದ್ದು ಆ ಛತ್ತು ಕೆಳಗೆ ಬರುತ್ತಿದ್ದುದರಿಂದ.

ಸುಣ್ಣದೊಳಗಿನ ಲಕ್ಷ್ಮಿ

ನನ್ನ ಮೈದುನನಿಗೆ ವಲಾಂಡಿಯ ಹೆಣ್ಣು ಗೊತ್ತು ಮಾಡುವ ಮಾತು ನಡೆದಿತ್ತು. ನಮ್ಮ ಕಡೆ ಹೆಣ್ಣಿನವರು ಮೊದಲು ಗಂಡಿನ ಮನೆ ನೋಡಲು ಬರುತ್ತಾರೆ. ಎಮ್ಮೆ ನೋಡುತ್ತಾರೆ, ನಲ್ಲಿ ತಿರುವಿ ನೋಡುತ್ತಾರೆ, ಗೋಡೆ ತಟ್ಟಿ ನೋಡುತ್ತಾರೆ. ಸೊಸೆಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂದು ಮಾತ್ರ ಯಾರೂ ನೋಡುವುದಿಲ್ಲ.

ಮಾವನವರು ಉದಗೀರದ ಯಾರದೋ ಮನೆಯಲ್ಲಿ ಒಂದು ಛತ್ತು ನೋಡಿ ಬಂದಿದ್ದರು. ಬಿಳಿ ಸಿಮೆಂಟು, ಪುಟ್ಟಿ ಕಲಸಿ ಹಚ್ಚಿ, ಹಸಿ ಇರುವಾಗಲೇ ಸ್ಪಂಜು ಒತ್ತಿ ಎಳೆದು ಮೈತುಂಬ ಸಣ್ಣ ಸಣ್ಣ ಮುಳ್ಳು ಎಬ್ಬಿಸಿದ್ದು. ಹಾಗಲಕಾಯಿಯನ್ನು ಬಿಡಿಸಿ ತಲೆಯ ಮೇಲೆ ಹರವಿದ ಹಾಗೆ. ನಮ್ಮ ಪಡಸಾಲೆಗೂ ಅದೇ ಡಿಜೈನ್ ಆಗಬೇಕೆಂದು ಉದಗೀರದಿಂದಲೇ ಗಾರೆ ಕೆಲಸದ ಕಾರಾಗೀರನನ್ನು ಕರೆಸಿದರು.

ಹಳೇ ಸುಣ್ಣ ಪೂರ್ತಿ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ ಎಂದು ಅವನು ಮೊದಲೇ ಹೇಳಿದ. ಪ್ರತಿ ದೀಪಾವಳಿಗೆ ಒಂದು ಕೈ ಸುಣ್ಣ ಬಳಿಯುತ್ತ ಬಂದವರು ನಮ್ಮ ಅತ್ತೆ.

"ಶುಭಕಾರ್ಯದ ಮುಂದ ಯಾರರ ಸುಣ್ಣಾ ಕೆರೀತಾರೇನ? ಸುಣ್ಣದಾಗ ಲಕ್ಷ್ಮಿ ಇರ್ತಾಳ," ಅಂದರು.

ಕಾರಾಗೀರ ಕಿವಿ ಕೆರೆದುಕೊಂಡ. ಕೆರೆಯುವ ಕೆಲಸ ತಪ್ಪಿದ್ದಕ್ಕೆ ಅವನಿಗೇನೂ ದುಃಖವಾದಂತೆ ಕಾಣಲಿಲ್ಲ. ನಾನು ಬಾಗಿಲ ಹಿಂದಿನಿಂದ, ಪುಡಿಯ ಮೇಲೆ ಹಚ್ಚಿದ್ದು ಪುಡಿಯ ಜೊತೆಗೇ ಬೀಳುತ್ತದೆ ಅಂದೆ. ಛತ್ತಿನ ಮಾತು ಗಂಡಸರ ಮಾತು, ನೀನು ಚಹಾ ಇಡು ಎಂದು ಉತ್ತರ ಬಂತು.

ಚಹಾ ಇಟ್ಟೆ. ಕಾರಾಗೀರ ಕೆಲಸ ಮುಗಿಸಿ ಉದಗೀರ ಮುಟ್ಟಿದ್ದನೋ ಇಲ್ಲವೋ, ಲಕ್ಷ್ಮಿ ಪುಡಿಪುಡಿಯಾಗಿ ನಮ್ಮ ಮನೆಗೆ ಇಳಿಯತೊಡಗಿದಳು.

ಕೊಬ್ಬರಿ

ವಲಾಂಡಿಯ ಪಾವಣೇರು, ಹೆಣ್ಣಿನ ಕಡೆಯ ನೆಂಟರು, ಬಂದು ಪಡಸಾಲೆಯಲ್ಲಿ ಕುಳಿತರು. ಹೆಣ್ಣಿನ ಅಪ್ಪ ಅಲ್ಪ ಮಾತಿನವರು. ಹೆಣ್ಣಿನ ಕಾಕಾ ಅವರ ಪಾಲನ್ನೂ ಸೇರಿಸಿ ಮಾತಾಡುವವರು. ನಾನು ಚುರುಮುರಿ ನೆನೆಸಿ ಸುಸಲಾ ಮಾಡಿ ಎಲ್ಲರಿಗೂ ತಾಟು ಕೊಟ್ಟೆ. ಅಷ್ಟರಲ್ಲಿ ಮೈದುನ ಪಾವಣೇರಿಗೆ ಸೆಕೆ ಆಗಬಾರದೆಂದು ಫ್ಯಾನು ಜೋರು ಮಾಡಿದ.

ಕಾಕಾರ ತಾಟಿನಲ್ಲಿ ಬಿಳಿ ಚೂರುಗಳು ಉದುರಿದ್ದು ನನಗೆ ಕಂಡಿತು. ಅತ್ತೆಗೂ ಕಂಡಿತು. ನಾನು ತಾಟು ತೆಗೆಯಲು ಮುಂದಾದೆ. ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು. ಕಾಕಾ ತಿಂದರು. ಕಟಕಟ ಶಬ್ದ ಅಡಿಗೆ ಮನೆಗೂ ಕೇಳುವಂತಿತ್ತು.

"ಒಣಾ ಕೊಬ್ಬರಿ ಹಾಕೀರೇನ್ರೀ?"

"ಹೌದ್ರೀ, ನಮ್ಮ ಮನ್ಯಾಗ ಕೊಬ್ಬರಿ ಇಲ್ಲದ ಸುಸಲಾನೇ ಮಾಡಂಗಿಲ್ಲ," ಅಂದರು ಅತ್ತೆ, ಕಣ್ಣು ಸಹ ಮಿಟುಕಿಸದೆ.

ಇಷ್ಟು ಧಾರಾಳ ಕೊಬ್ಬರಿ ಹಾಕುವ ಮನೆಯಲ್ಲಿ ನಮ್ಮ ಹುಡುಗಿಗೆ ಉಣ್ಣಲಿಕ್ಕೆ ಕಡಿಮೆಯಾಗುವುದಿಲ್ಲ ಎಂದು ಕಾಕಾ ಅಲ್ಲೇ ಹೇಳಿದರು. ಸಂಬಂಧ ಗಟ್ಟಿಯಾಯಿತು. ನಮ್ಮ ಛತ್ತಿನಿಂದ ಗಟ್ಟಿಯಾದದ್ದು ಅದೊಂದೇ.

ಅದಲು ಬದಲು

ಮದುವೆ ಆಯಿತು. ನಮ್ಮದು ಪಡಸಾಲೆ, ಒಂದು ಕೋಣೆ, ಅಡಿಗೆ ಮನೆಯ ಮನೆ. ಕೋಣೆಯಲ್ಲಿ ನಾನು, ನನ್ನ ಗಂಡ, ಅಂಬೆಗಾಲಿಡುವ ಮಗಳು ಮಲಗುತ್ತಿದ್ದೆವು. ಅತ್ತೆ ಮಾವ ಅಡಿಗೆ ಮನೆಯ ಪಕ್ಕದ ಕಟ್ಟೆಯ ಮೇಲೆ. ಹೊಸ ಜೋಡಿಗೆ ಕೋಣೆ ಬೇಕಲ್ಲ. ನಮ್ಮ ಹಾಸಿಗೆ ಸುರುಳಿ ಸುತ್ತಿ ಪಡಸಾಲೆಗೆ ತಂದು ಹಾಕಿದರು.

ಅಂದರೆ, ಛತ್ತು ತೋರಿಸಿ ಹೆಣ್ಣು ತಂದರು, ಹೆಣ್ಣಿಗೆ ನಮ್ಮ ಕೋಣೆ ಕೊಟ್ಟರು, ನಮಗೆ ಛತ್ತು ಕೊಟ್ಟರು.

ಬೆಳಗ್ಗೆ ಎದ್ದರೆ ಮಗಳ ರೆಪ್ಪೆಯ ಮೇಲೆ ಬಿಳಿ ಪುಡಿ. ಒಂದು ವಾರಕ್ಕೇ ಕೆಮ್ಮು ಹಿಡಿಯಿತು. ಆ ಛತ್ತು ಅವಳ ತಲೆಯ ಮೇಲಿಂದ ಹೋಗಬೇಕು, ಅಷ್ಟೇ ನನಗೆ ಬೇಕಾದದ್ದು. ಮನೆಯಲ್ಲಿ ಬಾಯಿಬಿಟ್ಟು ಹೇಳಿದೆ. ಮುಳ್ಳು ತೆಗೆದರೆ ಬೀಗರು ಏನಂದಾರು ಎಂದು ಮಾವ ಕೇಳಿದರು. ಕೂಸು ಏನನ್ನುತ್ತದೆ ಎಂದು ನಾನು ಕೇಳಿದೆ. ಕೂಸಿಗೆ ಇನ್ನೂ ಮಾತು ಬರುವುದಿಲ್ಲವಲ್ಲ, ಅಂದರು.

ಶಾಂಪೂ

ನನ್ನ ಗಂಡನಿಗೆ ನಿಲಂಗಾದ ಬಟ್ಟೆ ಅಂಗಡಿಯಲ್ಲಿ ಕೆಲಸ. ಕರಿ ಬಟ್ಟೆಯ ಥಾನು ಬಿಚ್ಚಿದಾಗ ಅವರ ತಲೆಯಿಂದ ಬಿಳಿ ಬಿಳಿ ಉದುರಿತಂತೆ. ಮಾಲಕರು ಗಿರಾಕಿಯ ಎದುರಿಗೇ, ತಲೆಗೆ ಏನಾದರೂ ಔಷಧ ಮಾಡು ಅಂದರಂತೆ. ಅವಮಾನ ತಡೆಯಲಾರದೆ ತಲೆಹೊಟ್ಟಿನ ಶಾಂಪೂ ಪುಡಿಕೆಯ ಸರವನ್ನೇ ಕೊಂಡು ತಂದರು. ದಿನಾ ತಿಕ್ಕಿದರು. ದಿನಾ ಉದುರಿತು.

ಇದು ನಿಮ್ಮ ತಲೆಯದಲ್ಲ, ನಿಮ್ಮಪ್ಪನ ಛತ್ತಿನದು, ಅವರಿಗೆ ಹೇಳಿ ಅಂದೆ.

"ಅಪ್ಪಗ ನಾ ಹ್ಯಾಂಗ ಹೇಳಲಿ?"

"ಹಂಗಾರ ಶಾಂಪೂ ಛತ್ತಿಗಿ ಹಚ್ರಿ," ಅಂದೆ.

ಆ ಮನುಷ್ಯ ಒಂದು ಗಳಿಗೆ ನಿಜವಾಗಿಯೂ ಯೋಚನೆ ಮಾಡಿದರು.

ರಿಪೇರಿ

ಒಂದು ದಿನ ತಾಟಿನಷ್ಟು ಅಗಲದ ತುಂಡೇ ಬಿತ್ತು, ಮಗಳು ಆಡುತ್ತಿದ್ದ ಜಾಗದಿಂದ ಒಂದು ಮೊಳ ಆಚೆ. ಈಗಲಾದರೂ ಕಣ್ಣು ತೆರೆದೀತು ಅಂದುಕೊಂಡೆ. ತೆರೆಯಿತು, ಆದರೆ ಮೈದುನನದು. ಚುನಾವಣೆಯಲ್ಲಿ ಗೋಡೆಗೆ ಪೋಸ್ಟರು ಹಚ್ಚಿ ಅವನಿಗೆ ಅನುಭವ. ಗೋಧಿ ಹಿಟ್ಟು ಕುದಿಸಿದ ಅಂಟು ಮಳೆಗೂ ಜಗ್ಗುವುದಿಲ್ಲ, ಇದೇನು ಮಹಾ ಅಂದ. ನನ್ನ ಡಬ್ಬಿಯ ಹಿಟ್ಟೇ ತೆಗೆದುಕೊಂಡು ಬೋಗುಣಿಯಲ್ಲಿ ಕುದಿಸಿ, ಬಿಳಿ ಸಿಮೆಂಟು ಕಲಸಿ, ಬಿದ್ದ ಜಾಗಕ್ಕೆಲ್ಲ ಮೆತ್ತಿದ. ಮುಳ್ಳು ಎಬ್ಬಿಸಲು ಹೆಂಡತಿಯ ಹಣಿಗೆ ಬಳಸಿದ.

ಚೆನ್ನಾಗಿಯೇ ಕಾಣುತ್ತಿತ್ತು. ಮಾವನವರು ಮಗನ ಬೆನ್ನು ತಟ್ಟಿದರು. ಮರುದಿನ ಗೋಡೆಯ ಮೂಲೆಯಿಂದ ಕೆಂಪಿರುವೆಯ ಸಾಲು ಹೊರಟು ಛತ್ತಿಗೆ ಹೋಯಿತು. ಅದರ ಮರುದಿನ ಇಡೀ ಪಡಸಾಲೆಯ ಇರುವೆಗೆ ಸುದ್ದಿ ಮುಟ್ಟಿತು.

ಅಲ್ಲಿಯವರೆಗೆ ಛತ್ತಿನಿಂದ ಪುಡಿ ಬೀಳುತ್ತಿತ್ತು. ಆಮೇಲೆ ಬಿದ್ದ ಪುಡಿ ಕಚ್ಚತೊಡಗಿತು.

ಉಮರಗಾದ ಡಾಕ್ಟರು

ಕೆಮ್ಮಿ ಕೆಮ್ಮಿ ಮಗಳ ಮುಖ ನೀಲಿಗಟ್ಟುತ್ತಿತ್ತು. ಉಮರಗಾಕ್ಕೆ ಬಸ್ಸು ಹತ್ತಿದೆ. ಡಾಕ್ಟರ ಮುಂದೆ ಸೊಸೆಗೆ ಮಾತಾಡಲು ಬರುವುದಿಲ್ಲ ಎಂದು ಅತ್ತೆಯೂ ಹತ್ತಿದರು.

ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, ಮನೆಯಲ್ಲಿ ಧೂಳಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಅತ್ತೆಗೆ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಧೂಳೆಲ್ಲಿಂದ ಬರಬೇಕು, ಈಕೆ ತವರಿಗೆ ಗುಂಜೋಟಿಗೆ ಹೋದಾಗ ಮೊಸರು ತಿಂದಿದ್ದಾಳೆ, ಅದೇ ಎದೆಹಾಲಿನಲ್ಲಿ ಇಳಿದಿದೆ ಅಂದರು. ನಾನು ನಡುವೆ ಬಾಯಿ ಹಾಕಿ ಛತ್ತಿನ ಸಂಗತಿ ಹೇಳಿದೆ. ಒಂದೋ ಅದನ್ನು ತೆಗೆಸಿ, ಇಲ್ಲವೇ ಅದರ ಪುಡಿ ಕೂಸಿನ ಮೇಲೆ ಬೀಳದ ಹಾಗೆ ಮಾಡಿ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು.

ಮನೆಗೆ ಬಂದ ಮೇಲೆ ಏನಂದರು ಎಂದು ಮಾವ ಕೇಳಿದರು.

"ಕೂಸಿನ ಮ್ಯಾಲ ಪರದೆ ಕಟ್ರಿ ಅಂದ್ರು," ಅಂದರು ಅತ್ತೆ.

ಪರದೆಗೆ ನನ್ನ ಮದುವೆಯ ರೇಷ್ಮೆ ಸೀರೆ ತೆಗೆದರು. ತಮ್ಮವೆಲ್ಲ ಜಾಳಾಗಿವೆ, ನಿನ್ನದು ಗಟ್ಟಿ ಇದೆ ಅಂದರು. ನಾಲ್ಕು ಮೊಳೆ ಹೊಡೆದು ಹಾಸಿಗೆಯ ಮೇಲೆ ಕಟ್ಟಿದರು. ಮೊಳೆ ಹೊಡೆದ ಪೆಟ್ಟಿಗೇ ಇನ್ನಷ್ಟು ಉದುರಿತು. ನೋಡಲು ಬಂದವರು, ಮೊಮ್ಮಗಳನ್ನು ರಾಣಿಯ ಹಾಗೆ ಸಾಕಿದ್ದೀರಿ ಎಂದು ಅತ್ತೆಯನ್ನು ಹೊಗಳಿದರು. ಸ್ವಲ್ಪ ದಿನಕ್ಕೇ ಸೀರೆ ನಡುವೆ ಜೋತುಬಿತ್ತು. ಪರದೆಯನ್ನೇ ಬಿಚ್ಚಿ ತೆಗೆದರೆ ಒಳಗೆ ಸೇರುಗಟ್ಟಲೆ ಪುಡಿ.

ಮದುವೆಯಾದಂದಿನಿಂದ ಈ ಮನೆಯವರು ನನ್ನ ಉಡಿ ತುಂಬಿದ್ದು ಅದೇ ಮೊದಲು.

ಖುರಪಿ

ಹೊಸ ಸೊಸೆಯ ಬಳಗದ ಮದುವೆಗೆಂದು ಎಲ್ಲರೂ ಉದಗೀರಕ್ಕೆ ಹೋದರು. ಕೆಮ್ಮುವ ಕೂಸನ್ನು ಮದುವೆ ಮನೆಗೆ ತಂದರೆ ನೋಡಿದವರು ಏನಂದಾರು ಎಂದು ನನ್ನನ್ನು ಬಿಟ್ಟು ಹೋದರು. ಗಂಡ ನಿಲಂಗಾದ ಅಂಗಡಿಯಲ್ಲಿ. ಮನೆಯಲ್ಲಿ ಛತ್ತು ಮತ್ತು ನಾನು ಇಬ್ಬರೇ ಉಳಿದೆವು.

ಮಗಳನ್ನು ಪಕ್ಕದ ಮನೆಯ ಕಾಕುವಿನ ಕೈಗೆ ಕೊಟ್ಟೆ. ಅವರದು ಕುರಿ ಸಾಕುವ ಮನೆ. ಏನು ಮಾಡುತ್ತೀ ಎಂದು ಕೇಳಿದರು, ಹೇಳಿದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ.

"ಕುರಿ ತುಪ್ಪಳ ಕತ್ತರಿಸಿದಂಗ ಮಾಡವಾ. ಒಂದು ಕಡಿಂದ ಹಿಡಿ. ನಡುವ ಮಾತ್ರ ಬಿಡಬ್ಯಾಡ, ಅರ್ಧಾ ಬಿಟ್ರ ಭಾಳ ಅಸಹ್ಯ ಕಾಣ್ತದ," ಅಂದರು.

ಮೂಗು ಬಾಯಿ ಕಟ್ಟಿಕೊಂಡು, ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿದೆ. ಕೋಲಿಗೆ ಬಟ್ಟೆ ಸುತ್ತಿ ನೀರಲ್ಲದ್ದಿ ಛತ್ತು ನೆನೆಸಿದೆ. ಒಣಗಿದ್ದನ್ನು ಕೆರೆದರೆ ಮನೆಯೆಲ್ಲ ಧೂಳಾಗುತ್ತದೆ. ನೆನೆದ ಮೇಲೆ ಹೊಲದಲ್ಲಿ ಕಳೆ ತೆಗೆಯುವ ಖುರಪಿಯಿಂದ ಕೆರೆದೆ. ಮುಳ್ಳು, ಪುಟ್ಟಿ, ಅದರ ಹಿಂದೆ ಸುಣ್ಣದ ಪದರ, ಬಿಳಿ, ನೀಲಿ, ಮತ್ತೆ ಬಿಳಿ, ಅತ್ತೆಯ ಇಷ್ಟೂ ದೀಪಾವಳಿಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಲಕ್ಷ್ಮಿ ಎಲ್ಲಿಯೂ ಸಿಗಲಿಲ್ಲ. ಒಂದು ಒಣಗಿದ ಹಲ್ಲಿ ಸಿಕ್ಕಿತು.

ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಹಾಕಿದೆ. ಡಬ್ಬಿಯಲ್ಲಿ ಉಳಿದಿದ್ದ ಬಿಳಿ ಬಣ್ಣ ಒಂದು ಕೈ ಬಳಿದೆ. ನೆಲ ತೊಳೆದೆ. ಅಂಗೈ ಪೂರ್ತಿ ಬೊಬ್ಬೆ. ಅವರು ಬಂದೊಡನೆ ಯಾರು ಏನು ಕೇಳುತ್ತಾರೆ, ಯಾರಿಗೆ ಏನು ಉತ್ತರ ಎಂದು ಎಲ್ಲ ಸಿದ್ಧ ಮಾಡಿಕೊಂಡು ಸೊಂಟ ಕಟ್ಟಿ ನಿಂತೆ.

ಬಂದರು. ಮಾವ ಪಡಸಾಲೆಯ ನಟ್ಟನಡುವೆ ಕುಳಿತು ನೀರು ಕೇಳಿದರು. ಥಂಡಿಯಲ್ಲಿ ನೆಲ ತೊಳೆದಿದ್ದಕ್ಕೆ ಅತ್ತೆ ಬೈದರು. ಗಂಡ ಬಂದು ಉಂಡು, ಮುಖ ಮೇಲೆ ಮಾಡಿಯೇ ಮಲಗಿದರು. ಮಗಳ ಕೆಮ್ಮು ದಿನದಿಂದ ದಿನಕ್ಕೆ ಇಳಿಯಿತು. ಅದು ಅತ್ತೆ ಉದಗೀರದಿಂದ ತಂದು ಕಟ್ಟಿದ ದಾರದ ಪ್ರತಾಪ ಎಂದು ಓಣಿಗೆಲ್ಲ ಗೊತ್ತಾಯಿತು.

ಊರಿಗೆ ತೋರಿಸಲು ಹಚ್ಚಿದ ಛತ್ತನ್ನು ಮನೆಯವರು ಏನಾದರೂ ಬಿದ್ದ ಹೊರತು ತಲೆಯೆತ್ತಿ ನೋಡುತ್ತಿರಲಿಲ್ಲ ಎನ್ನುವುದು ನನಗೆ ಆಗ ತಿಳಿಯಿತು. ನನ್ನ ಉತ್ತರಗಳೆಲ್ಲ ದಂಡವಾದವು.

ಬೀಗರು ಮೇಲೆ ನೋಡಿದ್ದು

ನೋಡುವವರು ಕೊನೆಗೆ ವಲಾಂಡಿಯಿಂದ ಬಂದರು. ಬೀಗರು, ಅಂದರೆ ಮೈದುನನ ಮಾವ, ತಮ್ಮ ಹಳೇ ಮನೆ ಹೊಸದು ಮಾಡಿಸುತ್ತಿದ್ದರು. ತಮ್ಮ ಪಡಸಾಲೆಗೂ ನಮ್ಮಂಥದೇ ಛತ್ತು ಬೇಕೆಂದು, ಉದಗೀರದ ಅದೇ ಕಾರಾಗೀರನನ್ನು ಜೊತೆಗೆ ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತರು.

ಬೈಗುಳಕ್ಕೆ ನಾನು ಹೆದರುವವಳಲ್ಲ. ಆದರೆ ಸಂಗತಿ ಹೊರಬಿದ್ದರೆ ಮಾವ ಹಟಕ್ಕೆ ಬಿದ್ದು ಇದೇ ಕಾರಾಗೀರನಿಂದ ಇವತ್ತೇ ಮತ್ತೆ ಮುಳ್ಳು ಹಚ್ಚಿಸುತ್ತಾರೆ. ಅದರ ಕೆಳಗೆ ಮಲಗುವವಳು ನನ್ನ ಮಗಳು. ಅವಳು ಆಗ ಅಲ್ಲೇ ಹಾಸಿಗೆಯ ಮೇಲೆ ಸದ್ದಿಲ್ಲದೆ ನಿದ್ದೆ ಮಾಡುತ್ತಿದ್ದಳು.

"ಬರ್ರಿ ಬೀಗರ, ನೋಡ್ರಿ ನಮ್ಮ ಡಿಜೈನ್," ಎಂದು ಮಾವ ಮೇಲೆ ನೋಡದೆಯೇ ಕೈ ಮೇಲೆ ಮಾಡಿದರು.

ಬೀಗರು ಮೇಲೆ ನೋಡಿದರು. ಕಾರಾಗೀರ ನೋಡಿದ. ಕೊನೆಗೆ ಮಾವನವರೂ ನೋಡಿದರು. ಬೀಗರ ಎದುರಿಗೆ ಏನೆಂದು ಹೇಳಬೇಕು? ಬಿದ್ದು ಹೋಯಿತು ಅನ್ನಬೇಕೋ, ಸೊಸೆ ಕೆರೆದಳು ಅನ್ನಬೇಕೋ, ತಾನು ಈಗಷ್ಟೇ ನೋಡುತ್ತಿದ್ದೇನೆ ಅನ್ನಬೇಕೋ.

"ಮೊದಲ ಮುಳ್ಳಮುಳ್ಳ ಇತ್ತಲ್ಲರೀ?" ಅಂದರು ಬೀಗರು.

ಕಾರಾಗೀರ ಮಾವನ ಮುಖ ನೋಡಿದ, ನನ್ನ ಅಂಗೈಯ ಇನ್ನೂ ಮಾಯದ ಬೊಬ್ಬೆ ನೋಡಿದ, ಬೀಗರನ್ನು ನೋಡಿದ. ಕೈಗೆ ಬಂದ ಕೆಲಸ ಜಾರುತ್ತಿತ್ತು.

"ಇದು ನಂದೇ ಕೆಲಸಾ, ಮಾಲಕರ. ಕಚ್ಚಾ ಮಾಲಿಂದು ಮುಳ್ಳು ಮುಳ್ಳೇ ಉಳೀತದ. ನಂದು ಹಂಗಲ್ಲ. ಕಾಲ ಹೋದಂಗ ಮುಳ್ಳು ಒಳಗ ಕೂಡ್ತಾವ, ಆಮ್ಯಾಲ ಹಿಂಗ ಕನ್ನಡಿಯಂಗ ಆಗ್ತದ."

ಬೀಗರು ಮಾವನ ಕಡೆ ತಿರುಗಿದರು. ಮಾವ ತಲೆಯಾಡಿಸಿದರು.

"ಹೌದ್ರೀ. ಇಷ್ಟ ಬರೋಬರ್ ಕೂಡ್ತದಂತ ನನಗೂ ಮಾಲೂಮ್ ಇದ್ದಿಲ್ಲ."

ಹಾಗಾದರೆ ನೇರ ಹೀಗೇ ನುಣ್ಣಗೆ ಹಚ್ಚಿಬಿಡು ಅಂತ ಬೀಗರು ಅಂದಾರು ಅಂದುಕೊಂಡೆ. ಅವರು ಅಷ್ಟು ಸುಲಭಕ್ಕೆ ಮೋಸ ಹೋಗುವವರಲ್ಲ.

"ಮೊದಲೇ ನುಣ್ಣಗ ಹಚ್ಚಬ್ಯಾಡಪಾ. ಅದರಾಗ ಏನೋ ಕಸರ ಇರ್ತದ. ನಮಗೂ ಮುಳ್ಳಿಂದೇ ಹಚ್ಚು, ತಾನೇ ಕೂಡಲಿ. ಹಾಂ, ಮತ್ತ ಸುಣ್ಣಾ ಕೆರೀಬ್ಯಾಡ, ನಮ್ಮ ಮನ್ಯಾಕಿ ಒಪ್ಪಂಗಿಲ್ಲ."

ಚಹಾ ಕುಡಿದು ಎದ್ದರು. ಮಾವನವರು ಬಾಗಿಲವರೆಗೆ ಹೋಗಿ ಕಳಿಸಿ ಬಂದು ಪಡಸಾಲೆಯ ನಡುವೆ ನಿಂತು ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಕೂಸು ಹೇಗಿದೆ ಎಂದು ಕೇಳಲಿಲ್ಲ, ಕೈಗೆ ಏನಾಯಿತು ಎಂದೂ ಕೇಳಲಿಲ್ಲ. ಅತ್ತೆ ಅಡಿಗೆ ಮನೆಯಲ್ಲಿದ್ದುದನ್ನು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಮುಳ್ಳು ಇನ್ನೂ ಕೂತಿಲ್ಲ ಅಂತ ಮುಂದಿನ ವರ್ಷ ವಲಾಂಡಿಯಿಂದ ಕರೆ ಬರ್ತದ. ಖುರಪಿ ಮಸದು ಇಟ್ಕೋ."